ಧಾರೆಯ ಆಮೇಲಿನ ಮಾತು

"ಫೋನ್ ಕೊಡು ಜಯಶೀಲ! ಇಲ್ಲಾಂದ್ರೆ ನೀನೇ ಕೆಳಗೆ ಹೋಗ್ತೀಯ!"

ನನ್ನ ಒಂದು ಕಾಲು ಲೋಕಲ್ ರೈಲಿನೊಳಗೆ. ಇನ್ನೊಂದು ಗಾಳಿಯಲ್ಲಿ. ಎಡಗೈ ಬಾಗಿಲ ಕಂಬಿಯ ಮೇಲೆ, ಬಲಗೈಯಲ್ಲಿ ಫೋನು. ಮುಂಬ್ರಾ ಸ್ಟೇಷನ್ನು ಹಿಂದೆ ಸರಿದಿತ್ತು. ಕೆಳಗೆ ಹಳಿ, ಕಲ್ಲು, ಹಳಿ, ಕಲ್ಲು...

ಕಾಲರ್ ಹಿಡಿದವನು ಅನಿಲಕುಮಾರ. ಖಾರಘರದ ಬಿಲ್ಡರ್. ಇವತ್ತು ಮಧ್ಯಾಹ್ನದವರೆಗೂ ನನ್ನ ಕ್ಲೈಂಟ್!

"ಅರೇ, ಆತ್ ಯಾ ನಾ! ಮರಾಯ್‌ಚಂಯ್ ಕಾ?" ಒಳಗೆ ಬನ್ನಿ, ಸಾಯಬೇಕಾ ಎಂದು ಯಾರೋ ಮರಾಠಿಯಲ್ಲಿ ಬೈದರು.

ಸಾಯುವ ಆಸೆಯೇನೂ ಇರಲಿಲ್ಲ. ಆದರೆ ಆ ಫೋನು ಡೊಂಬಿವಲಿ ಮುಟ್ಟಬೇಕಿತ್ತು.

ನಾನು ಪ್ರೈವೇಟ್ ಡಿಟೆಕ್ಟಿವ್. ಮದುವೆ ಕೇಸುಗಳೇ ಹೆಚ್ಚು. ಹುಡುಗ ಕುಡಿಯುತ್ತಾನಾ, ಹುಡುಗಿ ಯಾರ ಜೊತೆ ತಿರುಗುತ್ತಾಳೆ... ಹೊಲಸು ಕೆಲಸ ಅಂತ ಯಾವತ್ತೂ ಅನಿಸಿರಲಿಲ್ಲ.

ಈ ಕೇಸಿನವರೆಗೂ.

ಅನಿಲನ ತಮ್ಮ ತರುಣ್. ಬೆಂಗಳೂರಿನವರು. ಮಹಾಪೆಯಲ್ಲಿ ಐಟಿ ಕೆಲಸ. ಲಾಕ್‌ಡೌನಿನಲ್ಲಿ ಡೊಂಬಿವಲಿಯ ಪೂಜಿತಾಳನ್ನು ಮದುವೆಯಾದ, ಅವಳ ತಾಯಿಯ ಫ್ಲ್ಯಾಟಿನಲ್ಲೇ. ಅವಳ ಮನೆಯವರು ಕಾರ್ಕಳ ಕಡೆಯ ಜನ. ಹಾಲ್ ಇಲ್ಲ, ರಿಜಿಸ್ಟ್ರೇಶನ್ ಇಲ್ಲ. ಈಗ ತರುಣ್‌ಗೆ ಬೇರೊಬ್ಬಳು ಸಿಕ್ಕಿದ್ದಾಳೆ. ಪೂಜಿತಾಳನ್ನು ತಾಯಿಮನೆಗೆ ಕಳಿಸಿಬಿಟ್ಟ.

ಬೇರೆಯಾದರೆ ಏನೂ ಕೇಳುವುದಿಲ್ಲ ಎಂದು ಮದುವೆಗೆ ಮುಂಚೆಯೇ ಅವಳಿಂದ ಸಹಿ ಹಾಕಿಸಿಕೊಂಡಿದ್ದರು. ಅಣ್ಣತಮ್ಮಂದಿರ ವಕೀಲೆ ಮಾನಸಿ ಅದನ್ನು ನೋಡಿ ಪಕ್ಕಕ್ಕೆ ತಳ್ಳಿದ್ದರಂತೆ. "ಪ್ರೀ-ನಪ್ ಅಗ್ರಿಮೆಂಟಾ? ಹಾಲಿವುಡ್‌ಗೆ ಹೋಗಿ. ನಮ್ಮ ಕೋರ್ಟಲ್ಲಿ ಇದನ್ನ ನಂಬ್ಕೊಂಡು ಕೂರಬೇಡಿ."

ಆಗ ಅನಿಲನಿಗೆ ಇನ್ನೊಂದು ದಾರಿ ಹೊಳೆಯಿತು. ಆ ಮದುವೆಯಲ್ಲಿ ಸಪ್ತಪದಿ ಆಗಿರಲಿಲ್ಲ. ಸಪ್ತಪದಿ ಇಲ್ಲ ಅಂದಮೇಲೆ ಮದುವೆಯೇ ಇಲ್ಲ! ಡಿವೋರ್ಸ್ ಯಾಕೆ? ಜೀವನಾಂಶ ಯಾಕೆ? ಆ ಮಾತನ್ನು ಅವಳ ಬಾಯಿಂದಲೇ ಹೊರಡಿಸಬೇಕು, ಅಷ್ಟೇ.

ಅದಕ್ಕೆ ನನ್ನನ್ನೇ ಹುಡುಕಿದ. ನನಗೆ ತುಳು ಬರುತ್ತದಲ್ಲ!

ಅವಳ ಮನೆಗೆ ಹೋಗಿ, ಊರಿನವರ ಸಂಘದಿಂದ ಬಂದಿದ್ದೇನೆ, ಸಹಾಯ ಮಾಡುತ್ತೇವೆ ಎಂದೆ. ತುಳು ಕೇಳಿದ್ದೇ ಸರಿ, ಬಾಗಿಲು ಪೂರ್ತಿ ತೆರೆಯಿತು. ತಾಯಿ ಜಲಜಾಕ್ಷಿ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು.

"ಆಸರಿಗೆ ಎಂತ ಬೇಕು ಮಾರಾಯ್ರೆ? ಬಿಸಿಲಲ್ಲಿ ಬಂದಿದ್ದೀರಿ. ಬೆಲ್ಲ, ನೀರು ಕೊಡ್ಲಾ?"

ಆಸರು ಎಂದರೆ ನಮ್ಮ ಕಡೆ ಬಾಯಾರಿಕೆ. ಬೆಲ್ಲ ಕಚ್ಚಿ ನೀರು ಕುಡಿದೆ. ಜೇಬಿನಲ್ಲಿ ಫೋನು ರೆಕಾರ್ಡ್ ಮಾಡುತ್ತಿತ್ತು.

"ಸಪ್ತಪದಿ ಆಗಿತ್ತಾ ಮಗಾ?" ಎಂದು ಮಗಳನ್ನು ಕೇಳಿದೆ.

ಪೂಜಿತಾ ನಕ್ಕಳು. "ನಹೀ ಅಂಕಲ್. ಸಪ್ತಪದಿ ಏನೂ ಆಗಿಲ್ಲ..."

ಅವಳು ಮುಂದೆಯೂ ಮಾತಾಡಿದಳು. ನಾನು ಅಷ್ಟಕ್ಕೇ ಕತ್ತರಿಸಿ ಅನಿಲನಿಗೆ ಕಳಿಸಿದೆ.

ಇವತ್ತು ಮಧ್ಯಾಹ್ನ ಥಾಣೆ ಪಟ್ಟಣದಲ್ಲಿ, ಮಾನಸಿಯ ಆಫೀಸಿನಲ್ಲಿ ಅನಿಲ, ತರುಣ್, ನಾನು ಕೂತು ಆ ತುಂಡನ್ನು ಕೇಳಿದೆವು. ಮಾನಸಿ ಪೆನ್ನು ಕೆಳಗಿಟ್ಟರು.

"ರಿಜಿಸ್ಟರ್ ಆಗಿಲ್ಲ ಅನ್ನೋದೊಂದರಿಂದಲೇ ಮದುವೆ ಬಿದ್ದುಹೋಗಲ್ಲ. ಇನ್ನು ಸಪ್ತಪದಿ... ಇಬ್ಬರಲ್ಲಿ ಒಬ್ಬರ ಕಡೆ ಸಂಪ್ರದಾಯದಂತೆ ನಡೆದಿದ್ರೂ ಸಾಕು. ಜಯಶೀಲ, ನೀವು ಆ ಕಡೆಯವರು. ಸಪ್ತಪದಿ ಇಲ್ಲದೆ ಮದುವೆ ಮಾಡೋ ಪದ್ಧತಿ ಅವರಲ್ಲಿ ಇದೆಯಾ?"

ಇದೆ ಮೇಡಂ. ಗಂಡುಹೆಣ್ಣಿನ ಕೈ ಕೂಡಿಸಿ, ಎರಡೂ ಮನೆಯ ಹಿರಿಯರು ಗಿಂಡಿಗೆ ಕೈ ಹಚ್ಚಿ ನೀರೆರೆದರೆ ಮುಗಿಯಿತು. ಧಾರೆಯೇ ಮದುವೆ. ನನ್ನದೂ ಹಾಗೆಯೇ ಆದದ್ದು.

ಇಷ್ಟು ಹೇಳಬೇಕಿತ್ತು.

"ಗೊತ್ತಿಲ್ಲ ಮೇಡಂ," ಎಂದೆ.

ಎ.ಸಿ. ಗುರುಗುಟ್ಟುತ್ತಿತ್ತು. ತರುಣ್ ಉಗುರು ನೋಡಿಕೊಳ್ಳುತ್ತಾ ಕೇಳಿದ, "ಹಾಗಾದ್ರೆ ಇಷ್ಟು ವರ್ಷ ಅವಳು ನಂಗೆ ಏನಾಗಿದ್ಳು?"

ಅನಿಲ ನಕ್ಕ. "ಪೇಯಿಂಗ್ ಗೆಸ್ಟ್ ಕಣೋ! ಪೇ ಮಾಡದ ಪೇಯಿಂಗ್ ಗೆಸ್ಟ್!"

ನಗುತ್ತಲೇ ಆಡಿಯೋ ಮತ್ತೆ ಹಾಕಿದ. "ಆಸರಿಗೆ ಎಂತ ಬೇಕು ಮಾರಾಯ್ರೆ?" ಆ ತಾಯಿಯ ದನಿ. ಕೇಳುತ್ತಿದ್ದದ್ದು ನನ್ನನ್ನು!

ಬಾಯಿಗೆ ಬೆಲ್ಲದ ರುಚಿ ಬಂತು.

ಎದ್ದು ಹೊರಗೆ ಬಂದೆ. ಕಾರಿಡಾರಿನಲ್ಲಿ ಅನಿಲ ಹಿಂದೆಯೇ ಬಂದ.

"ಎಲ್ಲಿಗೋ?"

"ಡೊಂಬಿವಲಿಗೆ. ಕತ್ತರಿಸಿ ಉಳಿಸಿಕೊಂಡದ್ದನ್ನು ಪೂಜಿತಾಗೆ ಕೊಡ್ತೇನೆ."

ಅವನ ಮುಖ ಬಿಳಿಚಿತು. ಅವಳು ಮುಂದೆ ಏನು ಹೇಳಿರಬಹುದು ಎಂದು ಅವನಿಗೆ ಗೊತ್ತಿತ್ತು. ಅವನೂ ಆ ಮದುವೆಯಲ್ಲಿ ಇದ್ದನಲ್ಲ!

ಓಡಿದೆ. ಮೆಟ್ಟಿಲು, ರಿಕ್ಷಾ, ಥಾಣೆ ರೈಲ್ವೆ ಸ್ಟೇಷನ್ನು. ಹೊರಟ ಗಾಡಿಗೆ ಹಾರಿದೆ.

ಅವನೂ ಹಾರಿದ!

ಈಗ ಅವನ ಮುಷ್ಟಿ ನನ್ನ ಮೂಗಿಗೆ ಬಿತ್ತು. ಕಣ್ಣು ಕತ್ತಲಿಟ್ಟಿತು. ಬಲಗೈ ತಾನಾಗಿಯೇ ಕಂಬಿಯ ಕಡೆ ಚಾಚಿತು... ಫೋನು ಜಾರಿತು.

ಕಲ್ಲಿನ ಮೇಲೆ ಒಮ್ಮೆ ಪುಟಿಯಿತು. ಅಷ್ಟೇ. ಗಾಡಿ ಮುಂದೆ ಹೋಯಿತು.

ಯಾರೋ ನನ್ನ ಬೆಲ್ಟ್ ಹಿಡಿದು ಒಳಗೆ ಎಳೆದರು. ಅಂಗೈ ಸುಲಿದು ರಕ್ತ ಸುರಿಯುತ್ತಿತ್ತು. ಅನಿಲ ಸಾವಕಾಶವಾಗಿ ಕೂದಲು ಸರಿಮಾಡಿಕೊಂಡ.

"ಈಗ ಏನಿದೆಯೋ ನಿನ್ನ ಹತ್ರ?"

ಡೊಂಬಿವಲಿ ಬಂತು. ಜನ ಇಬ್ಬರನ್ನೂ ಹೊರಗೆ ದಬ್ಬಿದರು. ಸ್ಟೇಷನ್ನಿನ ಸೇತುವೆಯ ಮೇಲೆ ಅವನ ಕೈ ಮತ್ತೆ ಹೆಗಲಿಗೆ ಬಿತ್ತು. ತಿರುಗಲಿಲ್ಲ. ಮೊಣಕೈಯಿಂದ ಪಕ್ಕೆಗೆ ಬಾರಿಸಿದೆ. ಅವನು ಮಡಚಿಕೊಂಡು ಕೂತ.

"ನನ್ನ ಹತ್ರ ಬಾಯಿ ಇದೆ," ಎಂದೆ.

ಬಾಗಿಲು ತೆರೆದವರು ಜಲಜಾಕ್ಷಿ. "ಅಯ್ಯೋ ದೇವ್ರೇ! ಎಂತ ಆಯ್ತು ಮಾರಾಯ್ರೆ? ಬನ್ನಿ, ಕೂತ್ಕೊಳ್ಳಿ..."

ಕೂರಲಿಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಸಂಘ ಸುಳ್ಳು. ಸಹಾಯ ಸುಳ್ಳು. ಕತ್ತರಿಸಿದ್ದು ನಿಜ.

ಆಕೆಯ ಕೈ ಬಾಗಿಲಿನ ಮೇಲೇ ಉಳಿಯಿತು. ಮುಚ್ಚಲಿಲ್ಲ. ಪೂರ್ತಿ ತೆರೆಯಲೂ ಇಲ್ಲ.

ಒಳಗಿನಿಂದ ಪೂಜಿತಾ ಬಂದಳು.

"ಆಮೇಲೆ ನಾನು ಹೇಳಿದ್ದು... ಯಾದ್ ಹೈ?"

"ನೆನಪಿದೆ. 'ನಮ್ಮಲ್ಲಿ ಧಾರೆಯೇ ಮದುವೆ ಅಂಕಲ್. ತರುಣ್ ಅಪ್ಪ ಇಲ್ಲ ಅಲ್ವಾ, ಅನಿಲ್ ಭಾವನೇ ಗಿಂಡಿಗೆ ಕೈ ಹಚ್ಚಿ ನೀರೆರೆದ್ರು' ಅಂದಿದ್ದೆ."

"ಕೋರ್ಟಲ್ಲಿ ಹೇಳ್ತೀರಾ? ಕಟ್ ಮಾಡಿದ್ದೂ?"

"ಎರಡನ್ನೂ."

"ಫಿರ್ ನಿಮ್ಮ ಧಂದಾ?"

"ಬಂದ್."

ಅವಳು ತನ್ನ ಫೋನು ತೆಗೆದಳು. ರೆಕಾರ್ಡರ್ ಒತ್ತಿ ನನ್ನ ಮುಖಕ್ಕೆ ಹಿಡಿದಳು.

"ಬೋಲಿಯೇ. ಶುರೂ ಸೇ, ಎಲ್ಲಾ ಹೇಳಿ. ನಾನು ಕಟ್ ಮಾಡಲ್ಲ."

ಹೆಸರಿನಿಂದ ಶುರುಮಾಡಿದೆ. ಗಂಟಲು ಒಣಗಿ ಹಪ್ಪಳವಾಗಿತ್ತು.

ಆಸರಿಗೆ ಬೇಕಾ ಎಂದು ಈ ಸಲ ಯಾರೂ ಕೇಳಲಿಲ್ಲ.