ಹೋಗುವಷ್ಟೇ ಇಂಧನ

"ಈ ಹಡಗು ಸರಕು ಸಾಗಿಸಲ್ಲ. ತನ್ನ ಇಂಧನಾನೇ ಹೊತ್ಕೊಂಡು ತಿರುಗುತ್ತೆ, ಅಷ್ಟೆ."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಹೇಳಿದವನು ಮಾತ್ರ ನಗಲಿಲ್ಲ. ಹಡಗುಗಳ ಸುರಕ್ಷತೆ ಪರೀಕ್ಷಿಸುವ ಆ ಅಧಿಕಾರಿ, ಎದುರಿಗೆ ಕೂತಿದ್ದ ಎಂಜಿನಿಯರ್ ಹುಡುಗಿಯ ನಕ್ಷೆಯ ಮೇಲೆ ಕೆಂಪು ಪೆನ್ನಿನಿಂದ ಗೀಟೆಳೆದ.

ಮೂರು ವರ್ಷ ಊಟ ನಿದ್ದೆ ಮರೆತು ಬರೆದ ನಕ್ಷೆ! ಹೊಗೆಯಿಲ್ಲದೆ, ಹೈಡ್ರೋಜನ್‌ನಿಂದ ಓಡುವ ಸರಕು ಹಡಗು.

ಹಡಗು ಕಟ್ಟುವ ಈ ಯಾರ್ಡಿನ ಕ್ಯಾಂಟೀನಿನಲ್ಲಿ ಅವಳು ಆರು ತಿಂಗಳು ಇವನ ಜೊತೆಗೇ ಟೀ ಕುಡಿದಿದ್ದಳು. ಇವನು ಕೇಳುವ ಪ್ರಶ್ನೆಗಳಿಗೆಂದೇ ಬೆಳಗ್ಗೆ ಬೇಗ ಬರುತ್ತಿದ್ದಳು. 'ಇವನೇ ಹೀಗೆ ಮಾಡಿದನಲ್ಲ...'

ನಕ್ಷೆ ಸುತ್ತಿಕೊಂಡು ಎದ್ದಳು. "ಆಗಲ್ಲ ಅನ್ನೋಕೆ ಓದು ಬೇಕಾಗಿಲ್ಲ ಸಾರ್. ಅದನ್ನ ಯಾರು ಬೇಕಾದ್ರೂ ಹೇಳ್ತಾರೆ."

"ಒಂದು ನಿಮಿಷ, ನಾನು ಹೇಳೋದು..."

ಅವಳು ನಿಲ್ಲಲಿಲ್ಲ. ಬೆನ್ನ ಹಿಂದೆ ಯಾರ್ಡಿನ ನಿರ್ದೇಶಕರ ಮಾತು ಕೇಳಿಸಿತು. "ಶುಕ್ರವಾರದವರೆಗೆ ಟೈಮ್. ಆಮೇಲೆ ಇದನ್ನ ನಿಲ್ಸಿಬಿಡೋಣ."

ಮನೆಯಲ್ಲಿ ಅಪ್ಪ ನಕ್ಷೆ ಬಿಚ್ಚಿದರು. ಮೂವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ಹೊಗೆ ಕುಡಿದ ಮೆಕ್ಯಾನಿಕ್. ಎರಡು ಮಾತಿಗೊಮ್ಮೆ ಕೆಮ್ಮು. ಆ ಕೆಮ್ಮು ಕೇಳಿ ಕೇಳಿಯೇ ಅವಳು ಈ ಹಡಗು ಬರೆಯಲು ಕೂತದ್ದು.

"ಅವನು ಹಡಗನ್ನ ಹೊಡೆದು ಹಾಕಿಲ್ವಲ್ಲೇ. ಎರಡನೇ ಟ್ಯಾಂಕ್ ಒಂದನ್ನೇ ಹೊಡೆದಿದ್ದಾನೆ."

ಅವಳು ಬಗ್ಗಿ ನೋಡಿದಳು. ಹೌದು... ಒಂದೇ ಗೀಟು.

"ಎಣ್ಣೆ ಅಗ್ಗ ಸಿಗೋ ಬಂದರಲ್ಲೇ ಹೋಗಿ ಬರೋವಷ್ಟು ತುಂಬಿಸ್ಕೊಳ್ಳೋದು ನಮ್ಮ ಹಳೇ ಚಾಳಿ. ನೀನೂ ಹಾಗೇ ಬರೆದಿದ್ದೀಯ. ಹೈಡ್ರೋಜನ್‌ಗೆ ಎಣ್ಣೆಯ ನಾಲ್ಕರಷ್ಟು ಜಾಗ ಬೇಕು ಅಂತ ನೀನೇ ಹೇಳ್ತೀಯ. ಹಾಗಿದ್ಮೇಲೆ ವಾಪಸ್ ಬರೋಕೆ ಬೇಕಾದ್ದನ್ನೂ ಯಾಕಮ್ಮ ಹೊತ್ಕೊಂಡು ಹೋಗ್ತೀಯ?"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಶುಕ್ರವಾರ ಒಂದೇ ಟ್ಯಾಂಕಿನ ನಕ್ಷೆ ಹರಡಿದಳು. ಉಳಿದ ಜಾಗದಲ್ಲೆಲ್ಲ ಸರಕು.

"ಆಚೆ ಬಂದರಲ್ಲಿ ಹೈಡ್ರೋಜನ್ ಸಿಗದಿದ್ರೆ?" ನಿರ್ದೇಶಕರು ಕೇಳಿದರು. "ಹಡಗು ಅಲ್ಲೇ ಕೂರುತ್ತಲ್ಲ."

"ಹಡಗು ಬರ್ಲಿ ಅಂತ ಬಂದರು, ಬಂದರು ತಯಾರಾಗ್ಲಿ ಅಂತ ಹಡಗು ಕಾಯ್ತಾ ಕೂತ್ರೆ ಇನ್ನೂ ಮೂವತ್ತು ವರ್ಷ ಜನ ಕೆಮ್ತಾನೇ ಇರ್ತಾರೆ ಸಾರ್. ನಾನು ಕಾಯಲ್ಲ. ನೀವು ನಿಲ್ಸಿದ್ರೆ ಇನ್ನೊಂದು ಯಾರ್ಡಿನ ಬಾಗಿಲು ತಟ್ತೀನಿ."

ಯಾರೂ ನಗಲಿಲ್ಲ. ಕೆಂಪು ಪೆನ್ನಿನವನು ಎದ್ದು ಬಂದು ಅವಳ ಪಕ್ಕ ನಿಂತು ಒಂದು ಪತ್ರ ಮುಂದಿಟ್ಟ. ಒಂದೇ ಒಂದು ಹಡಗು ಖಚಿತವಾದರೂ ಸಾಕು, ಹೈಡ್ರೋಜನ್ ತುಂಬಿಸುವ ಘಟಕ ಕಟ್ಟುತ್ತೇವೆ ಎಂದು ಆಚೆ ಬಂದರಿನವರು ಬರೆದಿದ್ದರು. ವಾರವಿಡೀ ಅವನು ಅವರ ಬೆನ್ನು ಬಿದ್ದಿದ್ದ.

ನಿರ್ದೇಶಕರು ಎರಡು ಸಲ ಓದಿದರು. "ಆಯ್ತು. ಒಂದು ಹಡಗು ಕಟ್ಟಿ ನೋಡೋಣ."

ಹೊರಗೆ ಮೆಟ್ಟಿಲ ಹತ್ತಿರ ಅವಳು ಅವನನ್ನು ತಡೆದಳು. "ಒಂದೇ ಟ್ಯಾಂಕ್ ಸಾಕು ಅಂತ ಅವತ್ತೇ ಹೇಳೋಕೆ ಏನಾಗಿತ್ತು?"

"ಹೇಳೋಕೆ ಬಿಟ್ರಾ? ಆದ್ರೂ ಎಲ್ಲರ ಮುಂದೆ ಹಾಗಂದಿದ್ದು ತಪ್ಪು, ಕ್ಷಮಿಸಿ." ಅವನು ತಲೆ ತಗ್ಗಿಸಿದ. "ಇನ್ನೊಂದು ಮಾತೂ ಆರು ತಿಂಗಳಿಂದ ಬಾಕಿ ಇದೆ..."

"ಅದಕ್ಕೂ ಕೆಂಪು ಪೆನ್ನು ಬೇಕಾ?"

"ಬೇಡ. ನನಗೆ ನೀವು ಇಷ್ಟ. ಜೀವನಪೂರ್ತಿ ಜೊತೆಗಿರ್ಬೇಕು ಅನ್ಸುತ್ತೆ."

ಅವಳ ಕಣ್ಣು ತುಂಬಿತು. ಆದರೂ ಗಲ್ಲ ಎತ್ತಿಯೇ ಕೇಳಿದಳು.

"ವಾಪಸ್ ಬರೋಕೆ ಅಂತ ಏನೂ ಇಟ್ಕೊಳ್ದೆ ಹೊರಡೋಳು ನಾನು. ಆಚೆ ದಡದಲ್ಲಿ ನೀವಿರ್ತೀರಾ?"

"ಇರ್ತೀನಿ."