ಕಸ ಎಂಬ ಫೋಲ್ಡರು

ಎಂಟರ್ ಒತ್ತಿದ ಮೇಲೆ ನೆನಪಾಯಿತು, ಮೈಲಾರವ್ವನ ಹಾಡು ಆ ಫೋಲ್ಡರಿನಲ್ಲೇ ಇತ್ತೆಂದು.

ಪರದೆಯ ಮೇಲೆ ಏನೂ ಆಗಲಿಲ್ಲ. ಲಿನಕ್ಸ್ ಹಾಗೇ, ಕೆಲಸ ಮುಗಿಸಿ ಸುಮ್ಮನೆ ಕೂರುತ್ತದೆ. ‘ಆರ್ ಎಂ’ ಎಂಬ ಅಳಿಸುವ ಆಜ್ಞೆ ಕೊಟ್ಟರೆ ತೆಗೆದೇಬಿಡುತ್ತದೆ, ಖರೇನ ತೆಗೀಲೇನವಾ ಎಂದು ಕೇಳುವ ಸೌಜನ್ಯ ಅದಕ್ಕಿಲ್ಲ.

ನಮ್ಮೂರ ವಾಚನಾಲಯದಲ್ಲಿ ಎರಡು ಹಳೆಯ ಕಂಪ್ಯೂಟರುಗಳಿವೆ, ನೋಡಿಕೊಳ್ಳುವವಳು ನಾನು. ಅವಕ್ಕೆ ಲಿನಕ್ಸ್ ಹಾಕಿ ಜೀವ ತುಂಬಿದವನು ಬೀರಲಿಂಗ, ಅಳ್ನಾವರದಲ್ಲಿ ರಿಪೇರಿ ಅಂಗಡಿ ಇಟ್ಟವನು. ಗೋಡೆಗೆ ಒಂದು ಹಾಳೆಯನ್ನೂ ಬರೆದು ಅಂಟಿಸಿದ್ದ. ಅಳಿಸುವ ಮೊದಲು ಒಳಗೇನಿದೆ ನೋಡಿರಿ. ಬೇಕಾದದ್ದರ ನಕಲು ಇನ್ನೊಂದು ಕಡೆ ಇಡಿರಿ. ಯುಪಿಎಸ್ ಕೂಗಿದರೆ ತಕ್ಷಣ ಶಟ್‌ಡೌನ್ ಮಾಡಿರಿ. ಆ ಹಾಳೆಯನ್ನು ನಾನು ದಿನಾ ನೋಡುತ್ತಿದ್ದೆ. ಓದುತ್ತಿರಲಿಲ್ಲ, ಅವನ ಅಕ್ಷರ ನೋಡುತ್ತಿದ್ದೆ.

ಮೈಲಾರವ್ವ ಅವನ ತಾಯಿ. ಕುರಿಗಳ ಹಿಂದೆ ತಿರುಗಿದವಳು, ತಾನೇ ಹಾಡು ಕಟ್ಟಿ ಹಾಡುವವಳು. ಹೋದ ವರ್ಷ ಇದೇ ಕೋಣೆಯಲ್ಲಿ ಕೂರಿಸಿ ನಲವತ್ತು ನಿಮಿಷ ರೆಕಾರ್ಡ್ ಮಾಡಿದ್ದೆ. ನಡುನಡುವೆ ಕೆಮ್ಮು, ಹೊರಗಿನ ನಾಯಿಗೆ ಬೈಗುಳ, ‘ಸಾಕೇನ ಹುಡುಗಿ, ಗಂಟ್ಲ ಆರೇತಿ’ ಎಂಬ ನಗು. ನಾಲ್ಕು ತಿಂಗಳ ಹಿಂದೆ ತೀರಿಕೊಂಡಳು. ಅವಳ ದನಿ ಎಂದು ಉಳಿದದ್ದು ಇದೊಂದೇ.

ಅಂದಿನಿಂದ ಗುರುವಾರಕ್ಕೊಮ್ಮೆ ಬೀರಲಿಂಗ ಬರುತ್ತಾನೆ. ಪ್ಲೇಯರಿನ ಪಟ್ಟಿಯಿಂದ ಹಾಡು ನಾನೇ ಹಚ್ಚಿಕೊಡುತ್ತೇನೆ, ಅವನು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂರುತ್ತಾನೆ. ನಾನು ಪುಸ್ತಕ ಜೋಡಿಸುವ ನೆಪದಲ್ಲಿ ಅವನ ರೆಪ್ಪೆ ನೋಡುತ್ತೇನೆ. ಅವನು ಫಕ್ಕನೆ ಕಣ್ಣು ತೆರೆದರೆ ಸಿಕ್ಕಿಬೀಳುತ್ತೇನೆ.

“ಆ ಪುಸ್ತಕ ತಲಿಕೆಳಗ ಇಟ್ಟೀರಿ ಅಮೃತಾ ಅವ್ರ.”

“ಓದೋರು ತಿರುವಿಕೊಂತಾರ ಬಿಡ್ರಿ.”

ನಕಲು ಮಾಡಿ ಕೊಡಬಹುದಿತ್ತು. ಪೆನ್‌ಡ್ರೈವ್ ಖಾಲಿ ಇಲ್ಲ ಎಂದು ನಾಲ್ಕು ತಿಂಗಳು ಸುಳ್ಳು ಹೇಳಿದೆ.

ಇವತ್ತು ಅರ್ಧ ಕೇಳಿದ್ದ, ದೇವಿಕೊಪ್ಪದಿಂದ ಯಾರೋ ಪ್ರಿಂಟರ್ ಕೆಟ್ಟಿದೆ ಎಂದು ಕರೆದರು. “ಪ್ಲೇಯರ್ ಬಂದ್ ಮಾಡಬ್ಯಾಡ್ರಿ, ಬಂದು ಉಳಿದದ್ದು ಕೇಳ್ತೀನಿ” ಎಂದು ಬೈಕ್ ಹತ್ತಿದ. ಅವನು ಹೋದ ಸ್ವಲ್ಪ ಹೊತ್ತಿಗೆ ಡಿಸ್ಕ್ ತುಂಬಿದೆ ಎಂಬ ಸೂಚನೆ ಬಂತು. ‘ಕಸ’ ಎಂಬ ಫೋಲ್ಡರನ್ನು ನಾನು ಒಳಗೆ ನೋಡದೇ ಅಳಿಸಿದೆ. ಹಾಡು ಕಸದಲ್ಲಿ ಯಾಕಿತ್ತು ಎನ್ನುವುದು ನನ್ನ ಪಾಪ, ಹೇಳುತ್ತೇನೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು, ತಡೆದರೆ ಹತ್ತು ನಿಮಿಷ. ಶಟ್‌ಡೌನ್ ಮಾಡಿ, ಡಿಸ್ಕ್ ಸುಟ್ಟಿತು ಎನ್ನಬಹುದಿತ್ತು. ಅವನು ನಂಬುತ್ತಿದ್ದ. ಅವನು ನಂಬುತ್ತಾನಲ್ಲ ಎಂದೇ ಹಾಗೆ ಹೇಳಲಾಗಲಿಲ್ಲ. ಫೋನು ಹಚ್ಚಿದೆ.

“ನಿಮ್ಮವ್ವನ ಹಾಡು ಅಳಿಸಿಬಿಟ್ಟೇನ್ರಿ.”

ಬೈಕ್ ನಿಂತ ಸದ್ದು. ಆಮೇಲೆ ಬರೀ ಗಾಳಿ.

“ಬೈರಿ ನನಗ. ಏನರ ಅನ್ರಿ.”

“ಡಿಸ್ಕಿನ್ಯಾಗ ಜಾಗ ಖಾಲಿ ಆತೇನು?”

ಇವನಿಗೆ ತಲೆ ಕೆಟ್ಟಿತು ಎಂದುಕೊಂಡೆ. ಆದರೂ ನೋಡಿದೆ. “ಇಲ್ರಿ, ಇನ್ನೂ ತುಂಬೇ ಐತಿ.”

“ಪ್ಲೇಯರ್?”

“ತೆರದೈತ್ರಿ. ಯುಪಿಎಸ್ ಕೂಗಾಕತ್ತೇತಿ, ಶಟ್‌ಡೌನ್ ಮಾಡ್ತೀನಿ...”

“ಮುಟ್ಟಬ್ಯಾಡ!” ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. “ಕೇಳಿಲ್ಲೆ. ಪ್ಲೇಯರ್ ಆ ಫೈಲ್ ಹಿಡಕೊಂಡ ಕುಂತೇತಿ, ಅದಕ್ಕ ಜಾಗ ಖಾಲಿ ಆಗಿಲ್ಲ. ಹೆಸರಷ್ಟ ಹೋಗೇತಿ, ಹಾಡು ಹೋಗಿಲ್ಲ. ಮಷೀನ್ ಆರಿದ್ರ ಮಾತ್ರ ಮುಗೀತು. ಪೆನ್‌ಡ್ರೈವ್ ಹಚ್ಚು, ಲಗೂನ.”

ಪೆನ್‌ಡ್ರೈವ್ ಮೂರು ಸಲ ತಪ್ಪಾಗಿ ತುರುಕಿದೆ. ಅವನು ಒಂದೊಂದೇ ಅಕ್ಷರ ಹೇಳಿದ. ಎಲ್, ಎಸ್, ಓ, ಎಫ್, ಜಾಗ ಬಿಡು, ಪ್ಲಸ್, ದೊಡ್ಡ ಎಲ್, ಒಂದು. ಅಳಿಸಿದ ಮೇಲೂ ಯಾವುದೋ ಪ್ರೋಗ್ರಾಮು ಹಿಡಿದಿಟ್ಟುಕೊಂಡ ಫೈಲುಗಳ ಪಟ್ಟಿ ಬಂತು.

“ಸಾಲು ಓದು.”

ಪ್ಲೇಯರಿನ ನಂಬರು ಓದಿದೆ. ಫೈಲು ಇದ್ದ ದಾರಿ ಓದಿದೆ. “ಹೋಮ್, ಲೈಬ್ರರಿ...” ನಿಲ್ಲಿಸಿದೆ.

“ಮುಂದ?”

“ಕಸ.”

ಯುಪಿಎಸ್ ಮೂರು ಸಲ ಕೂಗಿತು.

“ನಮ್ಮವ್ವನ್ನ ಕಸದಾಗ ಇಟ್ಟಿದ್ದೇನು?”

ಬೈದಿದ್ದರೆ ಚೆನ್ನಾಗಿತ್ತು. “ಕಾಕಾ ಕೇಳಾಕತ್ತಿದ್ದ್ರಿ, ಆ ಕುರಿಯವ್ರ ಹುಡುಗ ಗುರುವಾರಕ್ಕೊಮ್ಮೆ ಯಾಕ ಬರ್ತಾನಂತ. ಕಂಪ್ಯೂಟರ್ ತೆರದು ನೋಡಿದ್ರ ನಿಮ್ಮವ್ವನ ಹೆಸರು ಕಾಣತೈತಂತ ಹೆದರಿದ್ನಿ. ಕಸದಾಗ ಯಾರೂ ಕೈ ಹಾಕೂದಿಲ್ಲಂತ ಅಲ್ಲಿ ಮುಚ್ಚಿಟ್ನಿ.”

ಅವನು ಗಿರಾಕಿಗೆ ಹೇಳುವ ದನಿಯಲ್ಲಿ ಮುಂದಿನ ಅಕ್ಷರಗಳನ್ನು ಹೇಳಿದ. ಸಿ, ಪಿ. ಪ್ಲೇಯರಿನ ನಂಬರು. ಪೆನ್‌ಡ್ರೈವಿನ ದಾರಿ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮಡಿವಾಳೆಪ್ಪ ಕಾಕಾ. ಅಪ್ಪನ ತಮ್ಮ, ಈ ವಾಚನಾಲಯದ ಅಧ್ಯಕ್ಷ, ಮನೆಯಲ್ಲೂ ಅವನದೇ ಕೊನೆಯ ಮಾತು. “ಯಾರ ಸಂಗಾಟ ಮಾತಾಡಾಕತ್ತೀ ಬೇ?”

ಫೋನಿನಲ್ಲಿ ಬೀರಲಿಂಗ ಹೇಳಿದ, “ಕಡೀಕ ಫೈಲಿಗೊಂದ ಹೆಸರು ಕೊಡ್ರಿ. ಯಾವದಾರ.”

ಮತ್ತೆ ‘ರಿ’. ಕಪಾಳಕ್ಕೆ ಬಿದ್ದಷ್ಟು ನೋಯಿತು. ಇವನು ಇನ್ನು ಬರುವುದಿಲ್ಲ ಎಂದು ಖಾತ್ರಿಯಾಯಿತು. ಬರದೇ ಹೋದರೆ ನಾನು ಬದುಕಿ ಏನು ಮಾಡಲಿ ಎಂದೂ ಅನಿಸಿತು. ನಾನು ಸೊಸೆ ಕರೆಯುವ ಹಾಗೆ ‘ಅತ್ತಿ’ ಎಂದು ಟೈಪ್ ಮಾಡಿದೆ. ಕಾಕಾನ ಕನ್ನಡಕಕ್ಕೆ ಅಷ್ಟು ದೂರದ್ದು ಕಾಣುವುದಿಲ್ಲ ಎಂಬ ಧೈರ್ಯವೂ ಇತ್ತು, ಸುಳ್ಳು ಯಾಕೆ ಹೇಳಲಿ.

“ಏನಂತ ಕೊಟ್ರಿ?”

ಬಾಯಿ ತೆರೆದೆ. ಕಾಕಾ ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದೆ. ಫೋನು ಕಟ್ಟಾಯಿತು.

ಪೆನ್‌ಡ್ರೈವಿನ ದೀಪ ಮಿಣುಕುತ್ತಲೇ ಇತ್ತು. ಯುಪಿಎಸ್ ಈಗ ಬಿಡುವಿಲ್ಲದೆ ಅರಚುತ್ತಿತ್ತು. ಕರ್ಸರ್ ಮರಳಿತು, ದೀಪ ನಿಂತಿತು, ಅದರ ಬೆನ್ನಿಗೇ ಪರದೆ ಕಪ್ಪಾಯಿತು. ಹಾಡು ಪೂರ್ತಿ ಬಂತೋ ಇಲ್ಲವೋ ನೋಡಲು ಚಾಲೂ ಇದ್ದ ಕಂಪ್ಯೂಟರೇ ಇರಲಿಲ್ಲ. ಕಾಕಾ ಪೇಪರ್ ಬಿಡಿಸಿ ಕೂತ. ನಾನು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ರಸ್ತೆ ನೋಡುತ್ತ ನಿಂತೆ.

ಬೀರಲಿಂಗ ಮೈತುಂಬ ಧೂಳಾಗಿ ಬಂದ. ನನ್ನ ಮುಖ ನೋಡಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಪೆನ್‌ಡ್ರೈವ್ ಹಚ್ಚಿದ.

“ನಲವತ್ತೂ ನಿಮಿಷ ಅದಾವ,” ಎಂದ. ಆಮೇಲೆ ಫೈಲಿನ ಹೆಸರು ಕಣ್ಣಿಗೆ ಬಿತ್ತು. ಅಷ್ಟು ಸಣ್ಣ ಹೆಸರನ್ನು ಬಹಳ ಹೊತ್ತು ಓದಿದ.

ನಾನು ಪಿಸುಗುಟ್ಟಿದೆ. “ನಾ ಕೊಡಲಿಲ್ಲ, ಖರೆ. ನೀವರ ಯಾಕ ನಕಲು ತಗೊಳ್ಳಿಲ್ರಿ? ನಿಮಗ ನಿಮಿಷದ ಕೆಲಸ.”

“ತಗೊಂಡಿದ್ರ ಗುರುವಾರ ಏನಂತ ಬರೂದಿತ್ತು?”

ಅವನ ಕಣ್ಣು ತುಂಬಿದ್ದವು, ತುಟಿ ಮಾತ್ರ ಕಾಡಿಸುವ ಹಾಗೆ ಒಂದು ಬದಿಗೆ ವಾಲಿತ್ತು. ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಅಷ್ಟರಲ್ಲಿ ಅವನ ಮುಖ ಗಟ್ಟಿಯಾಯಿತು.

“ಆದ್ರ ಅಮೃತಾ, ಈ ಹೆಸರನ್ನೂ ಮುಚ್ಚಿಡಾಕಿ ಆದ್ರ ನಾ ಈಗ ಹಾಡು ತಗೊಂಡ ಹೊಂಟೆ. ಮತ್ತ ಬರೂದಿಲ್ಲ. ಟೈಪ್ ಮಾಡಿದ್ದನ್ನ ಬಾಯಿಲೆ ಹೇಳು.”

“ಕಾಕಾ ಕುಂತಾನ್ರಿ.”

“ಅದಕ್ಕ ಹೇಳಂದೆ.”

ಅವನು ಲ್ಯಾಪ್‌ಟಾಪ್ ಮಡಚಿ ಚೀಲದ ಜಿಪ್ ಎಳೆಯುತ್ತಿದ್ದ. ನಾನು ಕಾಕಾನ ಮುಂದೆ ಹೋಗಿ ನಿಂತೆ. ಪೇಪರನ್ನು ಕೈಯಿಂದ ಹಿಡಿದು ಕೆಳಗಿಳಿಸಿದೆ.

“ಕಾಕಾ, ಆ ಹುಡುಗ ಗುರುವಾರಕ್ಕೊಮ್ಮೆ ಯಾಕ ಬರ್ತಾನಂತ ಕೇಳಿದ್ದಿ. ನಾ ದಾರಿ ಕಾಯ್ತೀನಿ, ಅದಕ್ಕ ಬರ್ತಾನ. ಅವರವ್ವ ನನಗ ಅತ್ತಿ.”