ಮಲಗಿಸಿಟ್ಟ ಹೆಸರು

ಜನರ ಹೆಸರಿನ ಕತೆ ಬರೆದಿಡುತ್ತಿದ್ದ ಹೆಸರಜ್ಜನ ಹೆಣದ ಪಕ್ಕ ನೆಲದ ಮೇಲೆ ಕೂತಿದ್ದವನು ನನ್ನ ಭಾವ. ಕಟ್ಟಡ ಗುಡಿಸುವ ನನ್ನ ಅಕ್ಕ ಪೊರಕೆ ಹಿಡಿದು ಮೂರನೇ ಮಹಡಿಯ ಅಜ್ಜನ ಕೋಣೆಗೆ ಹೋದಾಗ ಬೆಳಿಗ್ಗೆ ಒಂಬತ್ತು ಗಂಟೆ. ಅಜ್ಜನ ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಕಾಗದ ಹಾರದಂತೆ ಇಡುವ ಕಬ್ಬಿಣದ ಗುಂಡು ಮೇಜಿನ ಕೆಳಗೆ ಬಿದ್ದಿತ್ತು. ಕೋಣೆ ತುಂಬ ಚೀಟಿಗಳು ಚೆಲ್ಲಾಡಿದ್ದವು. ಭಾವ ಅಜ್ಜನ ಕೈ ಹಿಡಿದುಕೊಂಡು ಅರ್ಧ ಗಂಟೆಯಿಂದ ಹಾಗೇ ಕೂತಿದ್ದನಂತೆ. ಕೂಗಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ಅಕ್ಕ ಕಿರುಚಿದ ಮೇಲೇ ಕಟ್ಟಡಕ್ಕೆ ವಿಷಯ ಗೊತ್ತಾದದ್ದು.

ಇನ್ಸ್‌ಪೆಕ್ಟರ್ ಬಂದವರೇ ಶುರು ಮಾಡಿದರು. "ಇವರು ನಿನಗೆ ಪರಿಚಯನಾ?"

"ತಂದೆ ಹಾಗಿದ್ದರು," ಎಂದ ಭಾವ.

"ಹೆಸರೇನು ಇವರದು?"

ಭಾವ ನೆಲ ನೋಡಿದ.

"ತಂದೆ ಅಂತೀಯ, ಹೆಸರು ಕೇಳಿದ್ರೆ ಬಾಯಿಗೆ ಬೀಗ ಹಾಕ್ಕೋತೀಯ! ಯಾರನ್ನ ಆಡಿಸ್ತಿದ್ದೀಯ?"

ನಾನು ನಡುವೆ ನುಗ್ಗಿದೆ. ಇಬ್ಬರು ಪೇದೆಗಳು ನನ್ನನ್ನು ಗೋಡೆಗೆ ಒತ್ತಿ ಹಿಡಿದರು.

ನನ್ನ ವಿಷಯ ಇಷ್ಟೇ. ಅದೇ ಕಟ್ಟಡದ ಕೆಳಗೆ ಹಿತ್ತಾಳೆ ಫಲಕಗಳ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸ. ಏಳನೇ ತರಗತಿಯಲ್ಲಿ ಮೇಷ್ಟ್ರು ಬೆತ್ತ ಎತ್ತಿದರು, ನಾನು ಅದನ್ನು ಕಿತ್ತುಕೊಂಡೆ, ಅಲ್ಲಿಗೆ ಓದು ಮುಗಿಯಿತು. ಎಲ್ಲರೂ ನನ್ನನ್ನು ಕಿಡಿ ಎನ್ನುತ್ತಾರೆ. ಭಾವ ಬಡಗಿ, ದೂರದ ಒಂದು ದ್ವೀಪದಿಂದ ಬಂದವನು. ನಿಜ ಹೇಳಬೇಕೆಂದರೆ ಅವನ ಮೌನ ನನಗೂ ಆಗುತ್ತಿರಲಿಲ್ಲ. ಹೋದ ವರ್ಷ ಅವನ ತಾಯಿ ತೀರಿಕೊಂಡಾಗ ಅಕ್ಕ, "ಅತ್ತೆಗೆ ಒಂದು ಫಲಕ ಕೊರೆಸೋಣ, ಪೂರ್ತಿ ಹೆಸರು ಹೇಳಿ," ಎಂದಿದ್ದಕ್ಕೆ ಎದ್ದು ಹೊರಗೆ ಹೋಗಿಬಿಟ್ಟಿದ್ದ. ಅವತ್ತೆಲ್ಲ ನಾನು ಹಲ್ಲು ಕಡಿದಿದ್ದೆ.

ಭಾವನಿಗೆ ಉರುಳಾದದ್ದು ಎದುರು ಬಾಗಿಲ ನಾಮ ಸಲಹೆಗಾರನ ಹೇಳಿಕೆ. ಈತ ಹಸುಗೂಸುಗಳಿಗೆ ದೇಶದೇಶದ ಹೆಸರು ಹುಡುಕಿ, ಅರ್ಥವನ್ನು ಚಿನ್ನದಂಚಿನ ಕಾರ್ಡಿನಲ್ಲಿ ಅಚ್ಚುಹಾಕಿ ಕೊಡುವವನು. "ಎಂಟೂವರೆಗೆ ನನ್ನ ಕಿವಿಯಾರೆ ಕೇಳಿದೆ ಸಾರ್. ಈ ಬಡಗಿ ಅಳ್ತಾ ಇದ್ದ. 'ಯಾಕೆ ಹೀಗೆ ಮಾಡಿಬಿಟ್ಟೆ' ಅಂತ," ಎಂದ. ಆ ಹೊತ್ತಿಗೆ ಅಕ್ಕ ಅದೇ ಮಹಡಿಯ ಮೆಟ್ಟಿಲು ಗುಡಿಸುತ್ತಿದ್ದಳು. ಅವಳಿಗೆ ಒಂದು ಸದ್ದೂ ಕೇಳಿರಲಿಲ್ಲ. ಆದರೆ ಹೆಂಡತಿಯ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

"ನಾಲ್ಕು ಗಂಟೆಗೆ ವ್ಯಾನ್ ಬರುತ್ತೆ," ಎಂದರು ಇನ್ಸ್‌ಪೆಕ್ಟರ್. "ಕರ್ಕೊಂಡು ಹೋಗ್ತೀವಿ."

ನಾನು ಒಂದೇ ಉಸಿರಿಗೆ ಎರಡನೇ ಮಹಡಿಗೆ ಇಳಿದೆ.

ನೋಂದಣಿ ಮೇಡಂ ಅಲ್ಲಿ ಒಬ್ಬರೇ ಇರುತ್ತಾರೆ. ಜನನ ಮರಣ ನೋಂದಣಿಯ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತು ನಿವೃತ್ತರಾದವರು. ಪೊಲೀಸರು ಬಿಡಿಸಲಾಗದ ಹನ್ನೊಂದು ಗಂಟುಗಳನ್ನು ಅವರು ಬಿಡಿಸಿದ್ದರು. ಹನ್ನೊಂದಕ್ಕೂ ನಾನೇ ಜೊತೆಗಾರ. ಇನ್ಸ್‌ಪೆಕ್ಟರ್‌ಗೂ ಅವರೆಂದರೆ ಸ್ವಲ್ಪ ಭಯವೇ.

"ಅಳಬೇಡ, ಕಿಡಿ," ಎಂದರು ಕನ್ನಡಕ ಒರೆಸುತ್ತ.

"ನಾನೆಲ್ಲಿ ಅಳ್ತಿದ್ದೀನಿ? ನಂಗೆ ಸಿಟ್ಟು ಬಂದಿದೆ!"

"ಸರಿ, ಸಿಟ್ಟನ್ನ ಮೂಗಿನಿಂದ ಸೋರಿಸಬೇಡ. ನಡಿ."

ಅಜ್ಜನ ಕೋಣೆಯಲ್ಲಿ ಭಾವನೇ ಮಾಡಿಕೊಟ್ಟ ಐದು ಡ್ರಾಯರುಗಳ ಬೀರು ಇತ್ತು. ಅಜ್ಜ ಜೀವಮಾನವಿಡೀ ಸಿಕ್ಕಸಿಕ್ಕವರ ಹೆಸರಿನ ಹಿಂದಿನ ಕತೆ ಕೇಳಿ ಚೀಟಿಯಲ್ಲಿ ಬರೆದಿಟ್ಟವರು. ಮುಂದಿನ ತಿಂಗಳು ಅದೆಲ್ಲ ಪುಸ್ತಕವಾಗಿ ಅಚ್ಚಿಗೆ ಹೋಗುವುದಿತ್ತು. ಜೋಡಿಸಿದ್ದೂ ಅಕ್ಷರದ ಕ್ರಮದಲ್ಲಲ್ಲ, ಹೆಸರಿಟ್ಟ ಕಾರಣದ ಕ್ರಮದಲ್ಲಿ. ಮೊದಲನೆಯದರಲ್ಲಿ ಹುಟ್ಟಿದ ವಾರ, ಹೊತ್ತು ನೋಡಿ ಇಟ್ಟವು. ಎರಡನೆಯದು ಸತ್ತವರಿಗೆ ಸಂಬಂಧಪಟ್ಟವು. ಮೂರನೆಯದು ಸಾವು ತಿರುಗಿ ನೋಡದಿರಲಿ ಎಂದು ಬೇಕೆಂದೇ ಇಟ್ಟ ಕೆಟ್ಟ ಹೆಸರುಗಳು. 'ಕಸ' ಎಂಬ ಅರ್ಥದ ಹೆಸರಿನ ಮುದುಕಿಯೊಬ್ಬರು ತೊಂಬತ್ತು ದಾಟಿದ್ದರಂತೆ. ನಾಲ್ಕನೆಯದು ಹುಟ್ಟಿದ ಸರದಿಯವು: ಅವಳಿ ಮಕ್ಕಳಿಗೆ, ಅವಳಿಗಳ ಬೆನ್ನಿಗೆ ಬಂದ ಮಗುವಿಗೆ ಇಂಥದೇ ಎಂದು ಕಟ್ಟಿಟ್ಟ ಹೆಸರುಗಳು. ಐದನೆಯದರ ಮೇಲಿನ ಪಟ್ಟಿಯನ್ನು ಯಾರೋ ಕೆರೆದು ಕಿತ್ತಿದ್ದರು. ಒಳಗೆ ಒಂದು ಚೀಟಿಯೂ ಇರಲಿಲ್ಲ.

"ಇದರ ಮೇಲೆ ಏನು ಬರೆದಿತ್ತಮ್ಮ?" ಎಂದು ಮೇಡಂ ಅಕ್ಕನನ್ನು ಕೇಳಿದರು.

"'ವಾಪಸ್ ಬಂದವು' ಅಂತ. ದಿನಾ ಒರೆಸ್ತಿದ್ನಲ್ಲ," ಎಂದಳು ಅಕ್ಕ. "ಹೋದ ವಾರ ಬೇಕರಿಯವರ ಹೆಂಡತಿ ಕೂಸು ಎತ್ಕೊಂಡು ಅಳ್ತಾ ಬಂದಿದ್ರು. ಅಜ್ಜ ಅವರ ಚೀಟಿ ಬರೆದು ಇದರೊಳಗೆ ಹಾಕಿದ್ರು."

ಅಷ್ಟರಲ್ಲಿ ಅಜ್ಜನ ತಮ್ಮನ ಮಗ ಒಳಗೆ ಬಂದ. ಬಸ್ ಡ್ರೈವರ್. ಕೋಣೆ ತನಗೆ ಬೇಕೆಂದು ತಿಂಗಳಿಂದ ಅಜ್ಜನ ಜೊತೆ ಜಗಳ ಆಡುತ್ತಿದ್ದವನು. ಇನ್ನೊಂದು ಬೀಗದ ಕೈ ಇದ್ದದ್ದೂ ಅವನ ಹತ್ತಿರವೇ. ನಾನು ಹೋಗಿ ಕಾಲರ್ ಹಿಡಿದೆ.

"ಬಿಡು ಅವರನ್ನ," ಎಂದರು ಮೇಡಂ. "ಜೀವ ಹೋದದ್ದು ಎಂಟು ಗಂಟೆಗೆ ಅಂತಾರೆ ಪೊಲೀಸ್ ಡಾಕ್ಟರ್. ಆಗ ಇವರು ಬಸ್ಸಲ್ಲಿದ್ರು. ಅರವತ್ತು ಜನ ಸಾಕ್ಷಿ."

"ಎಪ್ಪತ್ತು," ಎಂದ ಆತ ಕಾಲರ್ ಸರಿಮಾಡಿಕೊಳ್ಳುತ್ತ. "ಹತ್ತು ಜನ ಬಾಗಿಲಲ್ಲಿ ನೇತಾಡ್ತಿದ್ರು. ದೊಡ್ಡಪ್ಪನ ಹತ್ರ ಜಗಳ ಆಡ್ತಿದ್ದೆ, ನಿಜ. ಕೊಲ್ಲೋಕೆ ಜಗಳ ಆಡ್ತಾರೇನೋ ಹುಚ್ಚ?"

ಮೇಡಂ ಆಮೇಲೆ ಎರಡೇ ಕೆಲಸ ಮಾಡಿದರು. ನೆಲದ ಮೇಲೆ ಕೂತು, ಮೊಣಕಾಲು ನೋವೆಂದು ಗೊಣಗುತ್ತ, ಚೆಲ್ಲಿದ ಚೀಟಿಗಳನ್ನು ಒಂದೊಂದಾಗಿ ಓದಿದರು. ನನ್ನನ್ನು ಬೇಕರಿಗೆ ಓಡಿಸಿದರು. ಅಲ್ಲಿಂದ ನಾನು ತಂದದ್ದು ತೊಟ್ಟಿಲ ಮೇಲೆ ತೂಗುಹಾಕಿದ್ದ ಒಂದು ಕಾರ್ಡು. ಅದರ ಅಂಚು ಚಿನ್ನದ ಬಣ್ಣದ್ದು.

"ಬೆಳಿಗ್ಗೆ ಏಳರಿಂದ ನೀನು ಕಟ್ಟಡದ ಬಾಗಿಲಲ್ಲೇ ಕೊರೀತಿದ್ದೆ. ಕಟ್ಟು ಗಿಟ್ಟು ಹಿಡಿದು ಯಾರಾದ್ರೂ ಹೊರಗೆ ಹೋದರಾ?" ಎಂದರು ಮೇಡಂ.

"ನನ್ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಹೋಗಿಲ್ಲ."

"ಆಮೇಲೆ?"

"ಆಮೇಲೆ ಬಾಗಿಲಲ್ಲಿ ಪೊಲೀಸರೇ ಇದ್ದಾರಲ್ಲ."

"ಹಾಗಾದ್ರೆ ಎಲ್ಲರನ್ನೂ ಕರಿ."

ಮೂರೂವರೆಗೆ ನಾವೆಲ್ಲ ಅಜ್ಜನ ಕೋಣೆಯಲ್ಲಿ ಸೇರಿದೆವು. ಭಾವನ ಕೈಗೆ ಬೇಡಿ ಬಿದ್ದಿತ್ತು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು.

"ನೀವು ಕೇಳಿದ್ದನ್ನ ಇನ್ನೊಂದು ಸಲ ಹೇಳಿ," ಎಂದರು ಮೇಡಂ ಸಲಹೆಗಾರನಿಗೆ. "ಬರೀ ಅತ್ತನೋ, ಏನಾದರೂ ಕರೆದನೋ?"

"ಕರೆದ ಮೇಡಂ! ಅಜ್ಜನ ಹೆಸರು ಹಿಡಿದು, ಒಂದಲ್ಲ, ಇಪ್ಪತ್ತು ಸಲ ಕರೆದು ಕರೆದು ಅತ್ತ."

"ಹೆಸರು ಹಿಡಿದೇ? ಖಂಡಿತಾನಾ?"

"ಹೆಣದ ಮುಂದೆ ಕೂತವರು ಇನ್ನೇನು ಕರೀತಾರೆ? ಎಲ್ಲಿಯಾದರೂ ಅಷ್ಟೇ."

"ಎಲ್ಲಿಯಾದರೂ ಅಷ್ಟೇ," ಎಂದು ಮೇಡಂ ನಿಧಾನವಾಗಿ ಹೇಳಿ ಒಂದು ಹಳೆಯ ಚೀಟಿ ಎತ್ತಿದರು. "ಇದು ಎರಡನೇ ಡ್ರಾಯರಿನದು. ಕೈಬರಹ ಅಜ್ಜನದು, ತಾರೀಖು ಮೂರು ವರ್ಷ ಹಿಂದಿನದು. ಕೇಳಿ: 'ಬಡಗಿ ಹೇಳಿದ್ದು. ಅವನ ದ್ವೀಪದಲ್ಲಿ ಒಬ್ಬರು ತೀರಿಕೊಂಡರೆ ಅವರ ಹೆಸರನ್ನು ಮಲಗಿಸುತ್ತಾರೆ. ಹೊಸ ಮಗುವಿಗೆ ಅದನ್ನು ಕೊಡುವವರೆಗೆ ಯಾರೂ ಬಾಯಲ್ಲಿ ಆಡುವಂತಿಲ್ಲ. ಆಡಿದರೆ ಸತ್ತವರು ದಾರಿ ತಪ್ಪಿ ಅಲೆಯುತ್ತಾರೆ.'"

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅತ್ತೆಯ ಫಲಕದ ದಿನ ನಾನು ಕಡಿದ ಹಲ್ಲೆಲ್ಲ ಒಂದೊಂದಾಗಿ ನೆನಪಾದವು.

"ದುಃಖದಲ್ಲಿ ಮರೆತಿರಬಹುದು!" ಎಂದ ಸಲಹೆಗಾರ.

"ಬೆಳಿಗ್ಗೆಯಿಂದ ಇನ್ಸ್‌ಪೆಕ್ಟರ್ ಸಾಹೇಬರು ಇವನನ್ನ ಕೇಳ್ತಾನೇ ಇದ್ದಾರೆ. ಹೆಸರೊಂದು ಹೇಳಿದ್ದರೆ ಅರ್ಧ ಅನುಮಾನ ಕಳೀತಿತ್ತು. ಜೈಲಾದರೂ ಸರಿ, ಹೇಳಲ್ಲ ಅಂತ ಕೂತಿದ್ದಾನೆ. ಇಂಥವನು ಯಾರೂ ಕೇಳದೇ ಇಪ್ಪತ್ತು ಸಲ ಹೇಳಿದನಾ? ನೀವು ನಿಮ್ಮ ಮನೆಯವರು ಅಳೋ ರೀತೀನ ಇವನ ಬಾಯಲ್ಲಿಟ್ಟಿರಿ. ಹಾಗಾದರೆ ಸುಳ್ಳು ಯಾಕೆ? ಈ ಐದನೇ ಡ್ರಾಯರಿಗಾಗಿ. ಉಳಿದ ನಾಲ್ಕನ್ನ ಚೆಲ್ಲಿದ್ದು ಇದು ಖಾಲಿಯಾದದ್ದು ಕಾಣದಿರಲಿ ಅಂತ."

ಮೇಡಂ ಬೇಕರಿಯ ಕಾರ್ಡನ್ನು ಮೇಜಿನ ಮೇಲಿಟ್ಟರು. "ಇದರಲ್ಲಿ ನೀವು ಅಚ್ಚುಹಾಕಿಸಿದ ಅರ್ಥ, 'ಮೊದಲ ಬೆಳಕು'. ಆ ತಾಯಿ ಅಜ್ಜನನ್ನ ಕೇಳಿದರು. ಆ ಹೆಸರು ಬಂದ ಭಾಷೆಯಲ್ಲಿ ಅದು 'ಬಾಗಿಲ ಚಿಲಕ' ಅಂತೆ. ಹೀಗೆ ತಪ್ಪು ಅರ್ಥ ಹೊತ್ತು ನಿಮ್ಮಿಂದ ಹೋಗಿ ಅಜ್ಜನ ಹತ್ತಿರ ವಾಪಸ್ ಬಂದ ಹೆಸರುಗಳೇ ಐದನೇ ಡ್ರಾಯರು. ಅದೂ ಪುಸ್ತಕಕ್ಕೆ ಹೋಗೋದಿತ್ತು. ಕಟ್ಟಡದಿಂದ ಏನೂ ಹೊರಗೆ ಹೋಗಿಲ್ಲ. ಎದುರು ಕೋಣೆ ನೋಡಿ, ಸಾಹೇಬರೇ."

ಪೇದೆಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಖಾಲಿ ಕಾರ್ಡುಗಳ ಪೆಟ್ಟಿಗೆಯ ತಳದಲ್ಲಿ ದಾರ ಕಟ್ಟಿದ ಚೀಟಿಗಳ ಕಂತೆ ಸಿಕ್ಕಿತು.

"ಸಾವಿರಾರು ಮಕ್ಕಳು ನನ್ನಿಂದ ಹೆಸರು ಪಡೆದಿದಾರೆ," ಎಂದ ಸಲಹೆಗಾರ. "ಆ ಡ್ರಾಯರೊಂದು ಬಿಡಿ ಅಂತ ಕಾಲು ಹಿಡಿದೆ. 'ಮಕ್ಕಳಿಗೆ ತಮ್ಮ ಹೆಸರಿನ ನಿಜ ಗೊತ್ತಾಗಬೇಕು' ಅಂದ ಮುದುಕ, ನನಗೆ ಬೆನ್ನು ತಿರುಗಿಸಿದ."

"ಕದಿಯೋಕೆ ಐದನೇದನ್ನ ಆರಿಸಿಕೊಂಡಿರಿ," ಎಂದರು ಮೇಡಂ. "ಓದೋಕೆ ಎರಡನೇದು ಬೇಕಿತ್ತು."

ನಾನು ಮುಷ್ಟಿ ಬಿಗಿದೆ. ಮೇಡಂ ನನ್ನತ್ತ ತಿರುಗಿಯೂ ನೋಡದೆ ಕೈಚೀಲವನ್ನು ನನ್ನ ಮುಷ್ಟಿಗೇ ತಗುಲಿಹಾಕಿದರು.

ಇನ್ಸ್‌ಪೆಕ್ಟರ್ ಬೇಡಿ ಬಿಚ್ಚಿ, ಅಜ್ಜನ ಹೆಸರೂ ಬರೆದಿದ್ದ ಹೇಳಿಕೆಯನ್ನು ಭಾವನ ಮುಂದೆ ಹಿಡಿದರು. "ಜೋರಾಗಿ ಓದಿ ಸಹಿ ಮಾಡಪ್ಪ."

"ಸಹಿ ಅವನು ಮಾಡ್ತಾನೆ," ಎಂದರು ಮೇಡಂ. "ಓದೋದು ನಿಮ್ಮ ಮನಸ್ಸಿನಲ್ಲೇ ಓದಿಕೊಳ್ಳಿ."

ನಾಲ್ಕಕ್ಕೆ ಬಂದ ವ್ಯಾನು ಸಲಹೆಗಾರನನ್ನು ಹತ್ತಿಸಿಕೊಂಡಿತು. ಅಕ್ಕ ಅದು ತಿರುವು ದಾಟುವವರೆಗೂ ಬೀದಿಯಲ್ಲೇ ನಿಂತಿದ್ದಳು, ಯಾರಾದರೂ ಮನಸ್ಸು ಬದಲಿಸಿ ವಾಪಸ್ ಬಂದಾರೆಂಬಂತೆ. ಭಾವ ಮೆಟ್ಟಿಲಿಳಿದು ಬಾಗಿಲಿಗೆ ಬಂದ. ಮದುವೆಯಾದ ದಿನದಿಂದ ಅಕ್ಕ ಅವನನ್ನು "ರೀ" ಎಂದಲ್ಲದೆ ಕರೆದವಳಲ್ಲ. ಅವತ್ತು ನಟ್ಟನಡು ಬೀದಿಯಲ್ಲಿ, ಐದು ಮಹಡಿಗಳ ಕಿಟಕಿಗಳೂ ತೆರೆದುಕೊಳ್ಳುವಂತೆ, ಅವನ ಹೆಸರು ಹಿಡಿದು ಕೂಗಿದಳು.

ಭಾವ ಅಲ್ಲೇ ನಿಂತುಬಿಟ್ಟ.

"ಇನ್ನೊಂದು ಸಲ ಕರಿ," ಎಂದ.

ಅಕ್ಕ ಕರೆದಳು.

"ಬದುಕಿದ್ದೀನಿ," ಎಂದ ಅವನು, ಮತ್ತು ಆ ದಿನ ಮೊದಲ ಬಾರಿಗೆ ಅತ್ತ.